ಮನೆ ನೋಡಲು ಬಂದವರು

"ನನ್ನ ಮರ್ಯಾದಿ ನಿಮ್ಮ ಕೈಯಾಗ ಅದ ನೋಡ್ರಿ, ರೇವಪ್ಪಣ್ಣ" ಎಂದು ವಂದನಾ ಫೋನಿನಲ್ಲಿ ನಗುತ್ತ ಹೇಳಿದಳು.

ಹೇಳಬಾರದಿತ್ತು. ಸಾರವಾಡದ ಕಡೆ ಯಾರಿಗಾದರೂ ಒಂದು ಕೆಲಸ ಮಾಡಿಕೊಡಿ ಎಂದರೆ, ಆಗಲಿ ನೋಡೋಣ ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಮರ್ಯಾದೆ ಕಾಯಿರಿ ಎಂದರೆ ಮಾತ್ರ ಉಣ್ಣುವ ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಾರೆ. ಇದು ವಂದನಾಗೆ ಗೊತ್ತಿರದ ಸಂಗತಿಯೇನಲ್ಲ. ಅವಳ ಅಪ್ಪ ಸುಶೀಲೇಂದ್ರ ಮಾಸ್ತರರು ಸಾರವಾಡದ ಶಾಲೆಯಲ್ಲಿದ್ದಷ್ಟು ಕಾಲವೂ ಬಾಡಿಗೆಗೆ ಇದ್ದದ್ದು ಇದೇ ರೇವಪ್ಪನ ಮನೆಯ ಮುಂದಿನ ಕೋಣೆಗಳಲ್ಲಿ. ಅವಳು ಅಂಬೆಗಾಲಿಟ್ಟದ್ದು ಆ ಪಡಸಾಲೆಯಲ್ಲಿ; ರೇವಪ್ಪನ ತಾಯಿ ಬೋರವ್ವನ ಕೈಯ ಬಿಸಿ ರೊಟ್ಟಿ ತಿಂದು ಬೆಳೆದದ್ದು ಆ ಒಲೆಯ ಮುಂದೆ. ಆದರೆ ಪಟ್ಟಣದ ಜಲನಗರ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಲ್ಯಾಪ್‌ಟಾಪಿನ ಮುಂದೆ ಕೂತು ಊರಿಗೆಲ್ಲ ಬುದ್ಧಿ ಹೇಳಲು ಶುರುಮಾಡಿದ ಮೇಲೆ ಇಂಥವು ಮರೆತುಹೋಗುತ್ತವೆ.

ಅವಳು ಹೇಳುವ ಬುದ್ಧಿ ಯಾವುದೆಂದು ಜಲನಗರದ ನೆರೆಹೊರೆಗೆ ಇಂದಿಗೂ ಸರಿಯಾಗಿ ತಿಳಿದಿಲ್ಲ. ಮನೆಪಾಠವೆಂದುಕೊಂಡು ಒಬ್ಬಾಕೆ ಮಗನ ಗಣಿತಕ್ಕೆ ಕೇಳಿಕೊಂಡು ಬಂದಿದ್ದಳು. ವಂದನಾಳ ಗಂಡ ವಿದ್ಯಾಧೀಶ, ಕಾಲೇಜಿನ ಮೇಷ್ಟ್ರು. ಅವನನ್ನು ಕೇಳಿದರೆ "ಆಕಿ ಅನುಮಾನ ಪಡೂದು ಕಲಸ್ತಾಳ" ಎನ್ನುತ್ತಾನೆ. ಅದು ಪೂರ್ತಿ ತಮಾಷೆಯಲ್ಲ. ಶ್ರೀಮಂತರಿಂದ, ದೊಡ್ಡ ಸಂಸ್ಥೆಗಳಿಂದ ಹಣ ಒಟ್ಟುಮಾಡಿ, ಷೇರುಪೇಟೆಗೆ ಇನ್ನೂ ಬಾರದ ಸಣ್ಣ ಕಂಪನಿಗಳಲ್ಲಿ ತೊಡಗಿಸುವ ನಿಧಿಗಳಿವೆ. ಪರ್ಯಾಯ ಹೂಡಿಕೆ ನಿಧಿ ಎಂದು ಹೆಸರು. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ಕಟ್ಟುಪಾಡಿನೊಳಗೆ ನಡೆಯಬೇಕಾದವು. ಹಣ ಹಾಕಲು ಅವಸರ ಮಾಡುವವರು ಅಲ್ಲಿ ಬೇಕಾದಷ್ಟು ಜನ. ತಡೆಯಿರಿ, ನೋಡೋಣ ಎನ್ನುವವನೂ ಒಬ್ಬ ಬೇಕಲ್ಲ, ಅವನೇ ರಿಸ್ಕ್ ಮ್ಯಾನೇಜರ್. ಅಂಥವರನ್ನು ತಯಾರು ಮಾಡುವುದು ವಂದನಾಳ ಕೆಲಸ. ಮುಂಬೈಯ ಬ್ಯಾಂಕಿನ ನೌಕರಿ ಬಿಟ್ಟು ಬಂದ ಮೇಲೆ ಅವಳು ಇದರಲ್ಲಿ ಒಳ್ಳೆಯ ಹೆಸರು ಮಾಡಿದ್ದಳು.

ಅವಳ ಪಾಠದಲ್ಲಿ ಕೆಲವು ಮಾತು ತಪ್ಪದೆ ಬರುತ್ತಿದ್ದವು. ಪರೀಕ್ಷೆಗೆ ಹೋಗುವಾಗ ಹೇಳಿ ಹೋಗಬೇಡಿ. ಬೇಕಾದವರ ಜಾಗಕ್ಕೆ ಹೋಗಬೇಡಿ. ಹೋಗಲೇಬೇಕಾಗಿ ಬಂದರೆ, ಇವರು ನನಗೆ ಬೇಕಾದವರು ಎಂದು ಮೊದಲೇ ಎಲ್ಲರ ಮುಂದೆ ಹೇಳಿಬಿಡಿ. ಎಲ್ಲಕ್ಕಿಂತ ಅವಳಿಗೆ ಪ್ರೀತಿಯದು ಇನ್ನೊಂದು: ನೋಡಿದೆ ಅನ್ನಬೇಡಿ, ಮುಟ್ಟಿದೆ ಅನ್ನಿ. ಇದನ್ನು ಹೇಳುವಾಗ ಕ್ಯಾಮೆರಾದ ಮುಂದೆ ಅಂಗೈ ಅಗಲಿಸಿ ಹಿಡಿಯುತ್ತಿದ್ದಳು. ಸ್ವಲ್ಪ ನಾಟಕವೇ, ಆದರೆ ಕೇಳಿದವರು ಮರೆಯುತ್ತಿರಲಿಲ್ಲ.

ಮುಂಬೈಯ ಒಂದು ನಿಧಿಯವರು ಹೊಸದಾಗಿ ತೆಗೆದುಕೊಂಡ ಐದು ಜನರನ್ನು ಅವಳ ಬಳಿ ತರಬೇತಿಗೆ ಹಾಕಿದ್ದರು. ಪಾಠ ಮುಗಿಯುತ್ತ ಬಂದಾಗ ಅಲ್ಲಿಯ ಹಿರಿಯ ಅಧಿಕಾರಿ ಅನುರಾಧಾ, ಮೂಲತಃ ಧಾರವಾಡದಾಕೆ, ಫೋನ್ ಮಾಡಿದಳು.

"ಇವರಿಗೆಲ್ಲಾ ಒಂದು ದಿವಸ ಖರೇ ಜಾಗಾ ತೋರಸ್ರಿ. ನಿಮ್ಮ ಕಡೆ ದ್ರಾಕ್ಷಿ ವ್ಯವಹಾರ ಜೋರದ ಅಂತಾರಲ್ಲ. ಜಾಗಾ ಚಲೋ ಇದ್ದರ ನಮ್ಮವರೂ ಹೂಡಿಕೆಗೆ ವಿಚಾರ ಮಾಡತಾರ."

ವಂದನಾಗೆ ಥಟ್ಟನೆ ನೆನಪಾದದ್ದು ರೇವಪ್ಪ. ಅವನು ಸಾರವಾಡದ ಹೊರಗೆ, ಬಬಲೇಶ್ವರಕ್ಕೆ ಹೋಗುವ ರಸ್ತೆಯ ಪಕ್ಕ, ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಕಟ್ಟಿಸಿ ಕಂಪನಿಯೆಂದು ನೋಂದಾಯಿಸಿದ್ದ. ಅದನ್ನು ದೊಡ್ಡದು ಮಾಡಬೇಕು, ಯಾರಾದರೂ ಪಾಲಿಗೆ ಬಂದರೆ ಬೇಕು ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಅವಳು ಅವನ ಹೆಸರು ಹೇಳಿದಳು.

"ಅವರು ನಿಮಗ ಬೇಕಾದವರೇನ್ರಿ?" ಎಂದು ಅನುರಾಧಾ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ.

"ನಮ್ಮ ಕಡೆಯವರು" ಎಂದಳು ವಂದನಾ.

ಅಷ್ಟೇ ಹೇಳಿದಳು. ಬೋರವ್ವನ ರೊಟ್ಟಿಯ ಸುದ್ದಿ ಎತ್ತಲಿಲ್ಲ. ಎತ್ತಿದರೆ ಬೇರೆ ಜಾಗ ನೋಡಿ ಎನ್ನುತ್ತಾರೆಂಬ ಭಯ ಒಂದು ಕಡೆ. ತನ್ನೂರಿನ ಜನ ಎಂಥ ಚೊಕ್ಕ ವ್ಯವಹಾರದವರು ಎಂದು ಮುಂಬೈಯವರಿಗೆ ತೋರಿಸುವ ಚಪಲ ಇನ್ನೊಂದು ಕಡೆ. ಆಮೇಲೆ ರೇವಪ್ಪನಿಗೆ ಫೋನ್ ಮಾಡಿ ಯಾವ ದಿನ, ಎಷ್ಟು ಜನ, ಏನೇನು ನೋಡುತ್ತಾರೆ ಎಲ್ಲ ವಿವರಿಸಿದಳು. ಕೊನೆಗೆ ಆ ಮರ್ಯಾದೆಯ ಮಾತನ್ನೂ ಸೇರಿಸಿದಳು. ಹೀಗೆ ತನ್ನ ಪಾಠದ ಮುಕ್ಕಾಲು ಪಾಲನ್ನು ಅವಳು ಮನೆಯಲ್ಲಿ ಕೂತೇ ಮುರಿದಿದ್ದಳು.

ಏಪ್ರಿಲ್ ಬಿಸಿಲು. ಸ್ಟೇಷನ್ ರಸ್ತೆಯ ಲಾಡ್ಜಿನಿಂದ ಹೊರಟ ವ್ಯಾನು ಸಾರವಾಡ ಮುಟ್ಟುವಷ್ಟರಲ್ಲಿ ಮುಂಬೈಯವರು ಬೆವರಿ ತೊಯ್ದು ಹೋಗಿದ್ದರು. ಐವರಲ್ಲಿ ಈ ನೆಲದವಳು ಜೀನತ ಒಬ್ಬಳೇ. ಸ್ಟೇಷನ್ ರಸ್ತೆಯಲ್ಲೇ ಅವಳ ತಂದೆಯ ಬ್ಯಾಗಿನ ಅಂಗಡಿ. ಮಾತು ಕಡಿಮೆ, ಗಮನ ಹೆಚ್ಚು. ಮೇಡಂ ಕೆಮ್ಮಿದರೂ ಇವಳು ಬರೆದುಕೊಳ್ಳುತ್ತಾಳೆ ಎಂದು ಉಳಿದ ನಾಲ್ವರು ರೇಗಿಸುತ್ತಿದ್ದರು. ವಂದನಾಗೂ ಅವಳ ಮೇಲೆ ಒಂದು ಕಣ್ಣು. ತಾನು ಕಲಿಸಿದವರಲ್ಲಿ ಒಬ್ಬಳಾದರೂ ಇಡೀ ಪಾಠ ನುಂಗಿಕೊಂಡಿದ್ದರೆ ಅದು ಇವಳೇ ಎಂದುಕೊಂಡಿದ್ದಳು.

ರೇವಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಬಿಳಿ ಟೋಪಿ ಇಟ್ಟು ಗೇಟಿನಲ್ಲೇ ನಿಂತಿದ್ದ. ಗೇಟಿಗೆ ಮಾವಿನ ತೋರಣ. ಕೋಲ್ಡ್ ಸ್ಟೋರೇಜಿಗೆ ಯಾರಾದರೂ ತೋರಣ ಕಟ್ಟುತ್ತಾರೆಯೇ? ಅಲ್ಲೇ ವಂದನಾಗೆ ಅನುಮಾನ ಬರಬೇಕಿತ್ತು. ಅನುಮಾನ ಕಲಿಸುವವಳಿಗೆ ಅವತ್ತು ಖುಷಿಯಾಯಿತು, ಅಷ್ಟೇ.

ದಪ್ಪ ಬಾಗಿಲು ತೆಗೆದ ಕೂಡಲೇ ಒಳಗಿನ ತಂಪು ಮುಖಕ್ಕೆ ಬಡಿಯಿತು. ಕೋಣೆ ತುಂಬ ರಟ್ಟಿನ ಬಾಕ್ಸುಗಳು. ನೆಲದಿಂದ ಮಾಡಿನವರೆಗೆ, ಗೋಡೆಯಿಂದ ಗೋಡೆಗೆ, ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ಹೋಗುವಷ್ಟು ದಾರಿ. ಕಟ್ಟಡ ಕಟ್ಟಿ ಇನ್ನೂ ಎರಡನೆಯ ಸುಗ್ಗಿ. ಇಷ್ಟು ಬೇಗ ಇಷ್ಟು ತುಂಬಿದೆಯೆಂದರೆ ಸಾಮಾನ್ಯವಲ್ಲ. ಅನುರಾಧಾ ಹುಬ್ಬೇರಿಸಿದಳು.

"ಎಲ್ಲಾ ನಿಮ್ಮ ಗಿರಾಕಿಗಳವೇನ್ರಿ ಯಜಮಾನ್ರ?"

"ಎಲ್ಲಾ ನಮ್ಮ ಮಂದೀವ ಅದಾವ್ರಿ" ಎಂದ ರೇವಪ್ಪ, ಎದೆಯುಬ್ಬಿಸಿ.

ನಾಲ್ವರು ಮೊಬೈಲಿನಲ್ಲಿ ಫೋಟೋ ತೆಗೆಯತೊಡಗಿದರು. ವಂದನಾಗೆ ತನ್ನ ಪಾಠ ತೋರಿಸುವ ಉಮೇದು ಬಂತು. ದಾರಿಯ ಒಳಗೆ ನಡೆದು, ನಡುಭಾಗದ ಒಂದು ಬಾಕ್ಸು ಎಳೆದು, ಮುಚ್ಚಳ ಬಿಚ್ಚಿ, "ಹಿಂಗ ನೋಡ್ರಿ, ನೋಡಿದೆ ಅನ್ನಬ್ಯಾಡ್ರಿ..." ಎನ್ನುತ್ತ ಒಣದ್ರಾಕ್ಷಿಯೊಳಗೆ ಮಣಿಕಟ್ಟಿನವರೆಗೆ ಕೈ ತೂರಿಸಿದಳು.

ಒಳಗೆ ಬೆಚ್ಚಗಿತ್ತು.

ಮಾತು ಅಲ್ಲೇ ನಿಂತಿತು. ಮೇಲಿನ ರಟ್ಟು ತಣ್ಣಗಿದೆ, ಮೇಲಿನ ಪದರ ತಣ್ಣಗಿದೆ, ಒಳಗೆ ಬಿಸಿಲಲ್ಲಿ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರೇಲರಿನ ಕಾವು. ವಾರಗಟ್ಟಲೆ ಈ ತಂಪಿನಲ್ಲಿದ್ದ ಮಾಲು ಹೀಗಿರುವುದು ಸಾಧ್ಯವೇ ಇಲ್ಲ. ಇದು ನಿನ್ನೆಯೋ ಮೊನ್ನೆಯೋ ಒಳಗೆ ಬಂದದ್ದು. ಅವಳು ತಲೆಯೆತ್ತಿ ನೋಡಿದಳು. ಬಾಗಿಲಲ್ಲಿ ನಿಂತ ರೇವಪ್ಪ ಅವಳತ್ತ ನೋಡಿ ಮೆಲ್ಲಗೆ ನಕ್ಕ. ಹೆಂಗೈತಿ ಎಂದು ಕೇಳುವ ನಗು.

ಆ ನಗುವನ್ನು ಅವಳು ಹಿಂದೆಯೂ ನೋಡಿದ್ದಳು. ಅವಳು ಐದನೆಯ ಇಯತ್ತೆಯಲ್ಲಿದ್ದಾಗ ರೇವಪ್ಪನಿಗೆ ಹೆಣ್ಣು ಕೊಡಲು ತಿಕೋಟಾದಿಂದ ಮನೆ ನೋಡಲು ಬಂದಿದ್ದರು. ಅವತ್ತು ಬೆಳಗಾಗುವುದರೊಳಗೆ ಓಣಿಯವರ ಎತ್ತುಗಳೆಲ್ಲ ರೇವಪ್ಪನ ಗೋದಲಿಯ ಮುಂದೆ ನಿಂತಿದ್ದವು. ಪಕ್ಕದ ಮನೆಯ ಜೋಳದ ಚೀಲ, ಎದುರಿನವರ ಹಿತ್ತಾಳೆ ಹಂಡೆ, ಎಲ್ಲ ಒಳಗೆ ಬಂದಿದ್ದವು. ಮಾಸ್ತರರ ಮನೆಯ ಗೋಡೆ ಗಡಿಯಾರವನ್ನು ಎದೆಗವಚಿಕೊಂಡು ಹೋಗಿ ಬೋರವ್ವನ ಕೈಗೆ ಕೊಟ್ಟವಳು ಸ್ವತಃ ವಂದನಾ. ಅವತ್ತೂ ರೇವಪ್ಪ ಹೊಸ ಟೋಪಿ ಇಟ್ಟುಕೊಂಡು ಹೀಗೇ ನಕ್ಕಿದ್ದ. ಲಗ್ನವಾಯಿತು, ಲಲಿತಾ ಈ ಮನೆಗೆ ಬಂದಳು, ಎತ್ತುಗಳು ತಂತಮ್ಮ ಮನೆಗೆ ಹೋದವು. ಅದನ್ನು ಯಾರೂ ಮೋಸ ಎಂದಿರಲಿಲ್ಲ.

ವಂದನಾ ಮುಚ್ಚಳ ಹಾಕಿ, ಬಾಕ್ಸನ್ನು ಮೊದಲಿದ್ದ ಜಾಗಕ್ಕೆ ನೂಕಿದಳು.

"ನಡೀರಿ ಹೊರಗ. ಥಂಡಿ ಭಾಳ ಅದ ಇಲ್ಲೆ" ಎಂದಳು.

ದನಿ ಸಹಜವಾಗಿಯೇ ಬಂತು. ಅಷ್ಟು ಸಹಜವಾಗಿ ಬಂದದ್ದಕ್ಕೇ ಅವಳಿಗೆ ಒಳಗೊಳಗೆ ಹೇಸಿಕೆಯಾಯಿತು. ಜೀನತ ಪಕ್ಕದ ಸಾಲಿನ ಒಂದು ಬಾಕ್ಸಿನ ಮುಚ್ಚಳಕ್ಕೆ ಕೈ ಹಾಕಿದ್ದಳು; ಮೇಡಂ ಹೊರಟರೆಂದು ಬಿಟ್ಟು ಹಿಂದೆಯೇ ಬಂದಳು.

ಉಳಿದವರು ಯಂತ್ರದ ಕೋಣೆ ನೋಡುತ್ತಿದ್ದಾಗ ವಂದನಾ ರೇವಪ್ಪನನ್ನು ಬೇವಿನ ಗಿಡದ ಮರೆಗೆ ಕರೆದಳು.

"ಯಾರವು ಆ ಬಾಕ್ಸು?"

"ನಮ್ಮ ಗಿರಾಕಿಗಳದು ಬರೀ ಒಂದು ಮಗ್ಗಲಾ ಅದಾವ್ರಿ ಬಾಯಾರ. ಉಳಿದಾವು ನಮ್ಮ ಓಣ್ಯಾವರು ಕೊಟ್ಟಾರ. ತಿಕೋಟಾದಿಂದ ನಮ್ಮ ಲಲಿತಾನ ಅಣ್ಣ ಭಾಗಪ್ಪ ಒಂದು ಟ್ರ್ಯಾಕ್ಟರ್ ತುಂಬ ಕಳಿಸ್ಯಾನ. ನೀವು ಮರ್ಯಾದಿ ಅಂದ ಮ್ಯಾಲ ಅರ್ಧಾ ಖಾಲಿ ಖೋಲಿ ಹ್ಯಾಂಗ ತೋರಸೂದ್ರಿ?"

ಬೈಯಬೇಕೆಂದೇ ಅವಳು ಕರೆದದ್ದು. ಅವನ ಮುಖದಲ್ಲಿ ಕಳ್ಳತನದ ನೆರಳೂ ಇರಲಿಲ್ಲ. ಹೊಗಳಿಕೆಗೆ ಕಾಯುತ್ತಿದ್ದ.

"ಚಲೋ ಮಾಡೀರಿ" ಎಂದಳು ವಂದನಾ. ಹಾಗೇಕೆ ಅಂದಳೋ ಅವಳಿಗೇ ತಿಳಿಯಲಿಲ್ಲ.

ಊಟ ಸಾರವಾಡದ ಮನೆಯಲ್ಲಿ. ಬೋರವ್ವನಿಗೆ ಈಗ ಕಣ್ಣು ಮಂದ, ಆದರೂ ವಂದನಾಳನ್ನು ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿದಳು. "ಬಂದ್ಯಾ ನನ್ನವ್ವಾ" ಎಂದು ಕೆನ್ನೆ ಸವರಿ ನೆಟಿಕೆ ಮುರಿದಳು. ಲಲಿತಾ ಪಡಸಾಲೆಯಲ್ಲಿ ಚಾಪೆ ಹಾಸಿ ಬಡಿಸಿದಳು. ಎಳೆಯ ಬದನೆಯ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ರೊಟ್ಟಿ, ಮೇಲೆ ಹೋಳಿಗೆ. ಮುದುಕಿ ವಂದನಾಳ ಕೆನ್ನೆ ಸವರಿದ್ದನ್ನು ಅನುರಾಧಾ ಗಮನಿಸಿದಳು, ಆದರೆ ಏನೂ ಕೇಳಲಿಲ್ಲ.

ಉಣ್ಣುತ್ತಲೇ ಅನುರಾಧಾ ತನ್ನ ಐವರನ್ನು ವಿಚಾರಿಸತೊಡಗಿದಳು. ಅದು ಅವಳ ಪದ್ಧತಿ. ಕಂಡದ್ದನ್ನು ಬಿಸಿಯಿರುವಾಗಲೇ ಬಾಯಲ್ಲಿ ಹೇಳಿಸುವುದು. ಒಬ್ಬ ಕಟ್ಟಡ ಹೊಸದು ಎಂದ. ಇನ್ನೊಬ್ಬ ಯಂತ್ರ ಸುಸ್ಥಿತಿಯಲ್ಲಿದೆ ಎಂದ. ಕೋಣೆ ಪೂರ್ತಿ ತುಂಬಿದೆ, ಜಾಗ ಸಾಲದು, ಬೆಳೆಸಲು ಅವಕಾಶವಿದೆ ಎಂಬುದರಲ್ಲಿ ನಾಲ್ವರದೂ ಒಂದೇ ಮಾತು.

"ಹಂಗಿದ್ದರ ನಾ ಮುಂಬೈಗೆ ಹೋಗಿ ಮಾತಾಡ್ತೀನ್ರಿ ಯಜಮಾನ್ರ. ಕೂಡೂ ಹಂಗ ಕಾಣತದ" ಎಂದಳು ಅನುರಾಧಾ.

ರೇವಪ್ಪ ಕೈಮುಗಿದ. ಒಳಬಾಗಿಲಲ್ಲಿ ನಿಂತಿದ್ದ ಲಲಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟು ದಿನದ ಆಸೆಯೋ ಅದು. ವಂದನಾ ರೊಟ್ಟಿ ಮುರಿದು ಕೈಯಲ್ಲಿ ಹಿಡಿದೇ ಕೂತಿದ್ದಳು. ಸುಮ್ಮನಿದ್ದರೆ ಎಲ್ಲ ಮುಗಿಯುತ್ತದೆ. ಇವರ ಹೊಸ ಕೋಣೆ ಏಳುತ್ತದೆ, ಬರುವ ವರ್ಷ ಖರೇ ಗಿರಾಕಿಗಳೇ ತುಂಬಬಹುದು, ಯಾರಿಗೂ ಕೇಡಿಲ್ಲ. ಹೀಗೆಯೇ ಎಲ್ಲರೂ ಯೋಚಿಸುತ್ತಾರೆಂದು ಅವಳೇ ಪಾಠದಲ್ಲಿ ಹೇಳುತ್ತಿದ್ದಳು.

"ನೀ ಹೇಳು, ಜೀನತ" ಎಂದಳು ಅನುರಾಧಾ.

"ಖೋಲಿ ತುಂಬೇತ್ರಿ ಮೇಡಂ" ಎಂದಳು ಜೀನತ. ಬೆನ್ನಿಗೇ ಸೇರಿಸಿದಳು: "ನಾ ಕೈ ಹಾಕಿ ನೋಡಲಿಲ್ರಿ. ನೋಡಬೇಕಂತ ಹೋಗಿದ್ದೆ. ಅಷ್ಟರಾಗ ವಂದನಾ ಮೇಡಂ ಕೈ ಹಾಕಿ ನೋಡಿದ್ರು. ಅವರ ನೋಡಿ ಏನೂ ಅನ್ಲಿಲ್ಲ. ಅವರ ಅನ್ಲಿಲ್ಲಂದ ಮ್ಯಾಲ ಸರಿನ ಇರತೈತಿ ಅಂತ ಬಿಟ್ಟೆ."

ಚುಚ್ಚಲು ಹೇಳಿದ ಮಾತಲ್ಲ. ಅಷ್ಟು ನಂಬಿಕೆಯಿಂದ, ತನ್ನದೇ ತಪ್ಪೊಪ್ಪಿಕೊಳ್ಳುವಂತೆ ಹೇಳಿದಳು. ಈ ಹುಡುಗಿ ನಾಳೆ ಬೇರೆ ಊರಿಗೆ ಹೋಗುತ್ತಾಳೆ, ಬೇರೆ ಕೋಣೆಯ ಬಾಗಿಲು ತೆಗೆಸುತ್ತಾಳೆ. ಮುಚ್ಚಳಕ್ಕೆ ಕೈ ಹಾಕಿ, ಪಕ್ಕದಲ್ಲಿ ನಿಂತ ದೊಡ್ಡವರ ಮುಖ ನೋಡಿ ಬಿಟ್ಟುಬಿಡುತ್ತಾಳೆ. ತಾನು ಇವಳಿಗೆ ಇಷ್ಟು ತಿಂಗಳಲ್ಲಿ ಕಲಿಸಿದ್ದು ಅದನ್ನೇ.

ರೊಟ್ಟಿಯನ್ನು ತಟ್ಟೆಗೆ ಇಟ್ಟಳು.

"ಒಳಗ ಬೆಚ್ಚಗಿತ್ತು" ಎಂದಳು. "ಆ ಬಾಕ್ಸು ನಿನ್ನೆ ತಂದು ಇಟ್ಟದ್ದು. ಅರ್ಧಕ್ಕಿಂತ ಹೆಚ್ಚು ಬ್ಯಾರೆಯವರವು. ನನಗ ಅಲ್ಲೇ ಗೊತ್ತಾತು, ನಾ ಹೇಳಲಿಲ್ಲ. ಇವರಿಗೆ ನೀವು ಬರೂ ಸುದ್ದಿ ಹೇಳಿದಾಕಿ ನಾನ. ಮರ್ಯಾದಿ ಉಳಸ್ರಿ ಅಂದಾಕೀನೂ ನಾನ. ನಾ ಈ ಮನ್ಯಾಗ ಬೆಳದಾಕಿ, ಅನುರಾಧಾ ಅವರ. ಅದನ್ನೂ ನಿಮಗ ಹೇಳಲಿಲ್ಲ."

ರೇವಪ್ಪ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತ. ಲಲಿತಾ ಒಳಗೆ ಹೋದಳು. ವಂದನಾಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿದ ಮೇಲೆ ಹಗುರಾಗುತ್ತದೆಂದು ಅವಳು ಎಲ್ಲೋ ನಂಬಿದ್ದಳು. ಹಗುರಾಗಲಿಲ್ಲ.

ಬೋರವ್ವನಿಗೆ ಮಾತ್ರ ಏನಾಯಿತೆಂದು ಪೂರ್ತಿ ತಿಳಿಯಲಿಲ್ಲ. "ಅದರಾಗೇನೈತಿ ಬೇ?" ಎಂದಳು. "ಮನಿ ನೋಡಾಕ ಬಂದಾಗ ಓಣ್ಯಾವರು ಎತ್ತು ತಂದು ಕಟ್ಟೂದಿಲ್ಲೇನು? ನಿಮ್ಮಪ್ಪನೂ ಗಡಿಯಾಳ ಕೊಟ್ಟಿದ್ನಲ್ಲ. ನೀನ ತಂದಿದ್ದಿ."

ಅನುರಾಧಾ ವಂದನಾಳ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಪರಿಚಯವಿಲ್ಲದವರನ್ನು ನೋಡುವ ಸೌಜನ್ಯವಿತ್ತು. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಪ್ರಶ್ನೆ ಬಂದದ್ದು ಜೀನತಳಿಂದ. "ಒಂದು ಕೇಳಲ್ರಿ, ಕಾಕಾ?" ಎಂದು ರೇವಪ್ಪನತ್ತ ತಿರುಗಿದಳು. "ಅಷ್ಟು ಮಂದಿ ಒಂದು ಮಾತಿಗೆ ಬಾಕ್ಸು ಕೊಟ್ಟಾರಲ್ರಿ. ಹಂಗಾದ್ರ ಅವರ ಮಾಲು ವರ್ಷಾ ಇಲ್ಲೇ ಯಾಕ ಇಡೂದಿಲ್ಲ?"

ರೇವಪ್ಪ ಟೋಪಿಯಿಂದ ಕಣ್ಣೆತ್ತಿದ. "ಅದು ಬ್ಯಾರೆ ಐತವಾ" ಎಂದ. "ನಮ್ಮದು ಹೊಸಾದು. ಮಷೀನು ಬಂದ್ ಬಿದ್ರ ವರ್ಷದ ಮಾಲು ಹೋಗತೈತಿ ಅಂತ ಅಂಜಿಕಿ ಅವರಿಗೆ. ಪ್ಯಾಟ್ಯಾಗಿನ ಹಳೇ ಸ್ಟೋರೇಜಿಗೆ ಒಯ್ತಾರ. ಅದಕ್ಕ ನಾ ಏನ್ ಅನ್ನಾಕ ಆಗತೈತಿ? ಎರಡು ದಿನ ಕೊಟ್ಟಾರ, ಅದ ದೊಡ್ಡದು."

ಅನುರಾಧಾ ತಲೆಯಾಡಿಸಿದಳು. ನಿಧಿಗೆ ತಿಳಿಯಬೇಕಾದದ್ದು ಇದೊಂದೇ ಮಾತಾಗಿತ್ತು. ತೋರಣ, ಎರವಲು ಬಾಕ್ಸು ಯಾವುದೂ ಇಲ್ಲದಾಗ ಬಂದಿದ್ದರೆ ಇದನ್ನೇ ಕೇಳಿ, ಕಾದು ನೋಡೋಣ ಎನ್ನಬಹುದಿತ್ತು. ಈಗ ಕಾಯುವ ಮಾತೂ ಉಳಿಯಲಿಲ್ಲ. ಕೈ ತೊಳೆದು ಎದ್ದು, ರೇವಪ್ಪನಿಗೆ ನಮಸ್ಕಾರ ಹೇಳಿದಳು. ವ್ಯಾನಿನ ಬಳಿ ವಂದನಾಗೆ, "ಉಳಿದ ಪಾಠ ನಾವ ಮುಗಸ್ಕೋತೀವ್ರಿ" ಎಂದಳು. ವಂದನಾ ಒಪ್ಪಿ ಗೋಣು ಹಾಕಿದಳು.

ಜೀನತ ಹೊಸ್ತಿಲಲ್ಲಿ ಹಿಂದುಳಿದಿದ್ದಳು. ಬೋರವ್ವ ಅವಳ ಕೈಗೆ ಹೋಳಿಗೆಯ ಗಂಟು ಕೊಡುತ್ತಿದ್ದಳು. ಉಡುಗೊರೆ ಮುಟ್ಟಬಾರದೆಂಬುದೂ ಪಾಠದಲ್ಲಿತ್ತು. ಹುಡುಗಿ ತೆಗೆದುಕೊಳ್ಳಲೇ ಎಂದು ವಂದನಾಳ ಮುಖ ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟು, ತಾನೇ ತೀರ್ಮಾನಿಸಿದವಳಂತೆ, ಎರಡೂ ಕೈಯಿಂದ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ವಂದನಾ ಜಲನಗರದಿಂದ ಆಟೋ ಹಿಡಿದು, ಬಸ್ಸು ಹತ್ತಿ ಮತ್ತೆ ಸಾರವಾಡಕ್ಕೆ ಬಂದಳು. ವಿದ್ಯಾಧೀಶ "ಇವತ್ತ ಹೋಗಬ್ಯಾಡ" ಎಂದಿದ್ದ. ಮನೆಯಲ್ಲಿ ಕೂರಲು ಆಗಲಿಲ್ಲ. ರೇವಪ್ಪ ಟ್ರ್ಯಾಕ್ಟರಿಗೆ ಬಾಕ್ಸು ಏರಿಸುತ್ತಿದ್ದ. ಮೈಮೇಲೆ ಹಳೆಯ ಬನಿಯನ್ನು, ತಲೆಗೆ ಟವೆಲು.

"ನೀವ್ಯಾಕ್ ಬಂದ್ರಿ ಬಾಯಾರ?"

"ಎಲ್ಲಾರ ಮನೀಗೆ ನಾನೂ ಬರ್ತೀನಿ."

ಅವನು ಬೇಡ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಅವಳು ಟ್ರ್ಯಾಕ್ಟರಿನ ಚಕ್ರದ ಮೇಲಿನ ತಗಡಿನ ಮೇಲೆ ಕೂತಳು, ಚಿಕ್ಕಂದಿನಲ್ಲಿ ಕೂರುತ್ತಿದ್ದಂತೆ. ಓಣಿಯ ತಿರುವಿನಲ್ಲಿ ರೇವಪ್ಪ ರಸ್ತೆ ನೋಡುತ್ತಲೇ ಒಂದು ಮಾತು ಹೇಳಿದ. "ನೀವು ಗಿಡದ ಬುಡಕ ಕರದಾಗ ಚಲೋ ಮಾಡೀರಿ ಅಂದ್ರಿ. ತಪ್ಪಾಗೇತಿ ಅಂದಿದ್ರ, ನಾನ ಹೋಗಿ ಅವರ ಮುಂದ ಹೇಳತಿದ್ನಿರಿ."

ವಂದನಾಗೆ ಅದು ಹೊಳೆದೇ ಇರಲಿಲ್ಲ. ಅವನೇ ಎದ್ದು ನಿಂತು ಹೇಳಿದ್ದರೆ ಅವನ ಟೋಪಿ ತಲೆಯ ಮೇಲೆಯೇ ಇರುತ್ತಿತ್ತು. ಅವಳು ಸತ್ಯ ಹೇಳಿದ್ದು ತನ್ನ ಕೈ ತೊಳೆದುಕೊಳ್ಳಲು. ನೀರು ಚೆಲ್ಲಿದ್ದು ಅವನ ಪಡಸಾಲೆಯಲ್ಲಿ.

ಪ್ರತಿ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಾಗಲೂ ಅದೇ ಪ್ರಶ್ನೆ ಬಂತು.

"ಏನಂದ್ರಿ ಬಂದಾವರು? ಒಪ್ಪಿದ್ರೇನು?"

ಹೆಣ್ಣು ನೋಡಿ ಹೋದವರ ಸುದ್ದಿ ಕೇಳುವ ದನಿಯೇ. ರೇವಪ್ಪ ಬಾಕ್ಸು ಇಳಿಸುವುದರಲ್ಲಿ ಮಗ್ನನಾದಂತೆ ನಟಿಸುತ್ತಿದ್ದ. ಉತ್ತರ ಕೊಡಬೇಕಾದವಳು ವಂದನಾ. "ಇಲ್ಲ" ಎನ್ನುತ್ತಿದ್ದಳು. "ಯಾಕಂತ?" "ನಂದ ತಪ್ಪಾತು." ಆ ಜನ ಅವಳನ್ನು ಬೈಯಲಿಲ್ಲ. ಮಾಸ್ತರರ ಮಗಳು ಬಿಸಿಲಲ್ಲಿ ಬಂದಿದ್ದಾಳೆಂದು ಮಜ್ಜಿಗೆ ತಂದುಕೊಟ್ಟರು. ಕುಡಿಯುವುದು ಕಷ್ಟವಾಯಿತು, ಬೇಡ ಎನ್ನುವುದು ಇನ್ನೂ ಕಷ್ಟ. ಎಲ್ಲ ಮನೆಯಲ್ಲೂ ಕುಡಿದಳು.

ಕೊನೆಯ ಸರದಿ ತಿಕೋಟಾದ್ದು. ಭಾಗಪ್ಪನ ಮನೆ ತೋಟದಲ್ಲಿ, ದ್ರಾಕ್ಷಿ ಒಣಗಿಸುವ ಶೆಡ್ಡಿನ ಪಕ್ಕ. ಕೂದಲು ನರೆತ, ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ. ಅವನೂ ಅದೇ ಕೇಳಿದ, ಅವಳೂ ಅದೇ ಹೇಳಿದಳು.

"ಬಾಕ್ಸು ಕಡಿಮಿ ಬಿದ್ದೂವೇನ್ರಿ?"

"ಇಲ್ರಿ. ಅವು ಬ್ಯಾರೆಯವರವು ಅಂತ ಅವರಿಗೆ ಗೊತ್ತಾತು."

ಭಾಗಪ್ಪ ಗಟ್ಟಿಯಾಗಿ ನಕ್ಕ. "ಗೊತ್ತಾಗದ ಇರತೈತೇನ್ರಿ? ನಾವು ಇವನ ಮನಿ ನೋಡಾಕ ಬಂದಾಗ ಗ್ವಾದಲಿ ಮುಂದ ಎತ್ತು ಒಂದರ ಮ್ಯಾಲ ಒಂದು ನಿಂತಿದ್ದೂವು. ನಿಮ್ಮಪ್ಪಾರ ಗಡಿಯಾಳ ಗ್ವಾಡಿ ಮ್ಯಾಲ ಇತ್ತು, ಮೊಳಿ ಹೊಸಾದು, ಸುತ್ತ ಸುಣ್ಣ ಉದರಿತ್ತು. ಅಷ್ಟು ತಿಳಿಯೂದಿಲ್ಲೇನ್ರಿ ನಮಗ? ಇಷ್ಟು ಮಂದಿ ಇವನ ಬೆನ್ನಿಗೆ ಅದಾರಲ್ಲ ಅಂತ ತಂಗೀನ ಕೊಟ್ವಿ." ಆಮೇಲೆ ನಗು ನಿಲ್ಲಿಸಿ, ನಿಜವಾಗಿ ತಿಳಿಯದೆ ಕೇಳಿದ: "ಮುಂಬೈಯವರಿಗೆ ಅದು ಗೊತ್ತಿರಲಿಲ್ಲೇನ್ರಿ?"

"ಗೊತ್ತಿರಲಿಲ್ಲ" ಎಂದಳು ವಂದನಾ. "ಅಲ್ಲಿದ್ದವರಾಗ ಎರಡೂ ಕಡೀ ರೀತಿ ಗೊತ್ತಿದ್ದದ್ದು ನನಗೊಬ್ಬಾಕಿಗೆ."

ಭಾಗಪ್ಪ ತಲೆ ಕೆರೆದುಕೊಂಡ. ಮನೆಗೆ ಬಂದ ಹೆಣ್ಣುಮಗಳು ಕಣ್ಣು ತುಂಬಿಕೊಂಡು ನಿಂತರೆ ಯಾರಿಗಾದರೂ ಕಷ್ಟವೇ. "ಹೋಗ್ಲಿ ಬಿಡ್ರಿ ಬಾಯಾರ" ಎಂದ ಸಮಾಧಾನದ ದನಿಯಲ್ಲಿ. "ಇನ್ನೊಮ್ಮೆ ಯಾರರೆ ಬರೂದಿದ್ರ ಎರಡು ದಿನ ಮೊದಲ ಹೇಳಿ ಕಳಸ್ರಿ. ಎರಡು ಟ್ರ್ಯಾಕ್ಟರ್ ಕಳಸ್ತೇನಿ."

ರೇವಪ್ಪ ಟ್ರೇಲರಿನ ಹಿಂದಿನ ಬಾಗಿಲು ತೆಗೆದು ಬಾಕ್ಸು ಇಳಿಸತೊಡಗಿದ್ದ. ವಂದನಾ ಹೋಗಿ ಒಂದಕ್ಕೆ ಕೈ ಕೊಟ್ಟಳು. ಹಿಡಿಯುವಾಗ ಹಳೆಯ ರಟ್ಟಿನ ಮೂಲೆ ಹರಿದು ಒಂದಿಷ್ಟು ಒಣದ್ರಾಕ್ಷಿ ಅವಳ ಅಂಗೈಗೆ ಸುರಿದವು. ಇಷ್ಟು ಬಿಸಿಲಲ್ಲಿ ಬಂದರೂ ಅವು ತಣ್ಣಗಿದ್ದವು. ಇನ್ನೊಂದು ರಾತ್ರಿ ಕೋಲ್ಡ್ ಸ್ಟೋರೇಜಿನಲ್ಲಿ ಕಳೆದು, ಒಳಗಿನವರೆಗೂ ತಣ್ಣಗಾಗಿದ್ದವು.

ಮುಂಬೈಯವರನ್ನು ಒಂದು ದಿನ ತಡವಾಗಿ ಕರೆದಿದ್ದರೆ ಯಾವ ಕೈಗೂ ಗೊತ್ತಾಗುತ್ತಿರಲಿಲ್ಲ. ವಂದನಾಳ ಮನಸ್ಸಿಗೆ ಮೊದಲು ಬಂದದ್ದು ಈ ಮಾತೇ. ತಾನು ಹಾಗೆ ಯೋಚಿಸಿದ್ದು ತಿಳಿದ ಕೂಡಲೇ ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ, ನಿನ್ನೆ ಪಡಸಾಲೆಯಲ್ಲಿ ಎಲ್ಲರ ಮುಂದೆ ಕೂತಾಗಲೂ ಅಷ್ಟು ಆಗಿರಲಿಲ್ಲ. ಅವಳು ಅಂಗೈಯಲ್ಲಿದ್ದದ್ದನ್ನು ಹರಿದ ಮೂಲೆಯಿಂದ ಮತ್ತೆ ಬಾಕ್ಸಿನೊಳಗೆ ತುಂಬಿ, ಕೈ ಅಡ್ಡ ಹಿಡಿದುಕೊಂಡೇ ಅದನ್ನು ಭಾಗಪ್ಪನ ಶೆಡ್ಡಿನವರೆಗೆ ಹೊತ್ತುಕೊಂಡು ಹೋದಳು.